ಹೆಂಜೇರು ಹಾಳಾದದ್ದು ಯಾವಾಗ? ನೊಳಂಬರ ಕುರಿತ ವಾದಗಳ ಸಮೀಕ್ಷೆ

ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಕ್ರಿ.ಶ. 878ರ ಶಾಸನವೊಂದಿದೆ. ನೊಳಂಬ ದೊರೆ ಮಹೇಂದ್ರನ ಕಾಲದ್ದು. ಅವನ ತಂದೆ ಪೊಲಲ್ಚೋರ, ತಾಯಿ ಗಂಗರ ಮನೆಮಗಳು ಜಾಯಬ್ಬೆ, ಮಹಾಬಲಿ ಕುಲವನ್ನು ಅಂದರೆ ಬಾಣರನ್ನು ಅಡಗಿಸಿದವನು ಮಹೇಂದ್ರನೇ ಎಂದು ಆ ಕಲ್ಲು ಹೊಗಳುತ್ತದೆ. ಮರುವರ್ಷ, 879ರಲ್ಲಿ, ಕಾಂಬೋಡಿಯಾದ ಖ್ಮೇರ್ ದೊರೆ ಮೊದಲನೆಯ ಇಂದ್ರವರ್ಮ ಪ್ರೇಹ್ ಕೋ ಎಂಬ ಶಿವಾಲಯದಲ್ಲಿ ಪ್ರತಿಷ್ಠೆ ಮಾಡಿಸಿದ. ಅದರೆದುರು ಕಲ್ಲಿನ ನಂದಿಗಳು ಇಂದಿಗೂ ಕೂತಿವೆ. ಇನ್ನೆರಡು ವರ್ಷಕ್ಕೆ ಬಾಕೊಂಗ್ ಗುಡಿಬೆಟ್ಟ ಎದ್ದಿತು. ಎರಡೂ ಕಡೆ ಶಿವ, ಎರಡೂ ಕಡೆ ನಂದಿ. ಪಲ್ಲವರ ನೆರಳೂ ಎರಡೂ ಕಡೆ ಇತ್ತು. ಖ್ಮೇರರ ಲಿಪಿ ಪಲ್ಲವ ಗ್ರಂಥದ ಬಳಗದ್ದು. ನೊಳಂಬರಂತೂ ತಾವೇ ಪಲ್ಲವರೆಂದು ಹೇಳಿಕೊಂಡವರು.

ಖ್ಮೇರರ ಊರು ಅಂಕೋರ್ ಇಂದು ಜಗತ್ತಿಗೆಲ್ಲ ಗೊತ್ತು. ನೊಳಂಬರ ರಾಜಧಾನಿ ಹೆಂಜೇರು ಪಕ್ಕದ ಮಧುಗಿರಿ, ಕೊರಟಗೆರೆಯವರಿಗೂ ಅರೆಬರೆ ಗೊತ್ತು. ಈಗಿನ ಹೆಸರು ಹೇಮಾವತಿ. ಶಿರಾ, ಮಧುಗಿರಿ, ಪಾವಗಡ ತಾಲ್ಲೂಕುಗಳ ನಡುವೆ ನುಗ್ಗಿಕೊಂಡಿರುವ ಆಂಧ್ರದ ಮಡಕಶಿರಾ ಸೀಮೆಯಲ್ಲಿ, ಅಮರಾಪುರಂ ಮಂಡಲದಲ್ಲಿದೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಊರಿನ ಮಾತು ಕನ್ನಡ. ಶಿರಾ, ಪಾವಗಡ ಕಡೆಯ ಎಷ್ಟೋ ಮನೆಗಳಿಗೆ ಅಲ್ಲಿಯ ಸಿದ್ದೇಶ್ವರ, ಜನರ ಬಾಯಲ್ಲಿ ಹೆಂಜೇರಪ್ಪ, ಮನೆದೇವರು. ದೇವರಿಗೆ ನಡೆದುಕೊಳ್ಳುವವರು ಪಕ್ಕದ ದೊಡ್ಡಪ್ಪನ, ಅಂದರೆ ದೊಡ್ಡೇಶ್ವರನ, ಗುಡಿಯ ಕಂಬಗಳನ್ನು ಒಮ್ಮೆ ನೋಡಿ ಬರುತ್ತಾರೆ. ಆ ಕಂಬಗಳ ಕುರಿತು ನೂರು ವರ್ಷಕ್ಕೂ ಮೀರಿದ ವಾದವಿದೆ ಎಂಬುದು ಆ ಗುಡಿಯ ಫಲಕ ಓದಿದರೆ ತಿಳಿಯುವಂಥದ್ದಲ್ಲ.

ವಾದದ ಎಳೆಗಳು ಮೂರು. ನೊಳಂಬರು ಯಾರು? ಅವರ ಗುಡಿಗಳಲ್ಲಿ ಕಾಣುವುದು ಅವರದೇ ಶೈಲಿಯೋ, ದೊಡ್ಡವರಿಂದ ಕಡ ತಂದದ್ದೋ? ಅವರನ್ನು, ಅವರ ಊರನ್ನು ಮುಗಿಸಿದವರು ಯಾರು? ಮೂರನೆಯದು ಹೆಚ್ಚು ಗದ್ದಲದ ಪ್ರಶ್ನೆ. ಉತ್ತರ ತೀರಾ ಕಡಿಮೆ ಇರುವುದೂ ಅದಕ್ಕೇ.

ಪ್ರಶ್ನೆ ಬೆಳೆದ ಬಗೆ

ಮೊದಲು ಈ ವಂಶವನ್ನು ಸಾಲಾಗಿ ಜೋಡಿಸಿದವರು ಬಿ.ಎಲ್. ರೈಸ್. ತುಮಕೂರು ಜಿಲ್ಲೆಯ ಶಾಸನಗಳ ಸಂಪುಟ, ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯದು, 1904ರಲ್ಲಿ ಅಚ್ಚಾಯಿತು. ಹೇಮಾವತಿಯ ಕಂಬವೊಂದರ ಮೇಲಿನ ವಂಶಾವಳಿಯೇ ಅವರ ಬೆನ್ನೆಲುಬು: ತ್ರಿನಯನ ಪಲ್ಲವನ ಪೀಳಿಗೆಯಲ್ಲಿ ಮಂಗಳ ನೊಳಂಬಾಧಿರಾಜ, ಅವನ ಮಗ ಸಿಂಹಪೋತ, ಮುಂದೆ ಚಾರುಪೊನ್ನೇರ, ಪೊಲಲ್ಚೋರ, ಮಹೇಂದ್ರ, ಅಯ್ಯಪ, ಅಣ್ಣಿಗ, ದಿಲೀಪ. ಎಂಟನೇ ಶತಮಾನದಲ್ಲಿ ಶುರುವಾಗಿ ಹತ್ತನೆಯದರವರೆಗೆ ಬರುವ ಸಾಲು ಇದು. ಇವರ ನಾಡು ನೊಳಂಬವಾಡಿ ಮೂವತ್ತೆರಡು ಸಾವಿರ. ಈ ಸಂಖ್ಯೆ ಊರುಗಳ ಲೆಕ್ಕವೋ, ತೆರಿಗೆಯ ಲೆಕ್ಕವೋ, ಬರಿಯ ರೂಢಿಯೋ ಎಂಬ ಚರ್ಚೆ ಗಂಗವಾಡಿ ತೊಂಬತ್ತಾರು ಸಾವಿರಕ್ಕೂ ಇರುವಂಥದ್ದೇ. ಇಲ್ಲಿ ಅದನ್ನು ಕೆದಕುವುದಿಲ್ಲ.

ಹೇಮಾವತಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅಲ್ಲಿಯ ಒಳ್ಳೊಳ್ಳೆಯ ಶಿಲ್ಪಗಳು ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿದವು. ಅನಂತಪುರ ಕಡೆಯ ಕನ್ನಡ ಶಾಸನಗಳು ದಕ್ಷಿಣ ಭಾರತ ಶಾಸನಗಳ ಒಂಬತ್ತನೇ ಸಂಪುಟದಲ್ಲಿ 1939ರಲ್ಲಿ ಬಂದವು. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ರಾಜ್ಯಗಳ ಗಡಿ ಗಟ್ಟಿಯಾಯಿತು, ಮಡಕಶಿರಾ ಆಚೆಗೇ ಉಳಿಯಿತು. ಒಂದೇ ನಾಡಿನ ಕಾಗದಪತ್ರ ಹೀಗೆ ಮೂರು ಕಚೇರಿಗೆ ಹಂಚಿಹೋಯಿತು: ಶಿಲ್ಪ ಚೆನ್ನೈನಲ್ಲಿ, ಗುಡಿ ಆಂಧ್ರದಲ್ಲಿ, ಹತ್ತಿರದ ಹಳ್ಳಿಗಳ ಶಾಸನ ಕರ್ನಾಟಕದಲ್ಲಿ. ಮುಂದಿನ ವಾದಗಳಲ್ಲಿ ಅರ್ಧಕ್ಕರ್ಧ ಈ ಹಂಚಿಕೆಯಿಂದಲೇ ಹುಟ್ಟಿದ್ದು ಎಂದರೆ ಹೆಚ್ಚಾಗಲಾರದು.

ಕಲೆಯ ಕಡೆಯಿಂದ 1958ರಲ್ಲಿ ಡಗ್ಲಾಸ್ ಬ್ಯಾರೆಟ್ ಹೇಮಾವತಿಯ ಮೇಲೆ ಸಣ್ಣ ಪುಸ್ತಕ ತಂದರು. 1964ರಲ್ಲಿ ಸಿ. ಶಿವರಾಮಮೂರ್ತಿ ಮದ್ರಾಸ್ ಮ್ಯೂಸಿಯಂನ ನೊಳಂಬ ಶಿಲ್ಪಗಳನ್ನು ಪಟ್ಟಿ ಮಾಡಿ ವಿವರಿಸಿದರು. ರಾಜಕೀಯ ಮತ್ತು ಸಾಂಸ್ಕೃತಿಕ ಚರಿತ್ರೆಯನ್ನು ಒಟ್ಟಿಗೆ ಹಿಡಿದ ಎಂ.ಎಸ್. ಕೃಷ್ಣಮೂರ್ತಿಯವರ ಗ್ರಂಥ 1980ರದು. ಗುಡಿಗಳನ್ನು ಊರೂರು ತಿರುಗಿ ಕಾಲಾನುಕ್ರಮಕ್ಕೆ ಕೂಡಿಸಿದ ಆಂಡ್ರ್ಯೂ ಕೊಹೆನ್ ಅವರ ಪುಸ್ತಕ 1998ರಲ್ಲಿ ಬಂತು.

ಪಲ್ಲವರೋ, ಈ ನೆಲದವರೋ?

ಕಂಚಿಯ ಒಡೆಯರ ಕುಲದವರು ತಾವೆಂದು ನೊಳಂಬರ ಶಾಸನಗಳೇ ಹೇಳುತ್ತವೆ. ಬಸವನ ಲಾಂಛನವೂ ಪಲ್ಲವರದೇ. ಹೇಮಾವತಿಯ ಕಂಬವಂತೂ ಮಂಗಳನನ್ನು ಕರ್ಣಾಟರಿಂದ ಹೊಗಳಿಸಿಕೊಂಡವನು ಎನ್ನುತ್ತದೆ. ಕರ್ಣಾಟರು ಹೊಗಳಿದರೆಂದರೆ ಅವನು ಕರ್ಣಾಟನಲ್ಲ, ಹೊರಗಿನಿಂದ ಬಂದವನು ಎಂದು ಒಂದು ಪಂಥ ಓದುತ್ತದೆ. ಪಲ್ಲವ ಮನೆತನದ ಒಂದು ಕವಲು ಕಂಚಿಯಿಂದ ಮೇಲಕ್ಕೆ ಸರಿದು, ಪೆನ್ನೆಗೂ ವೇದಾವತಿಗೂ ನಡುವಿನ ಒಣ ಬಯಲಲ್ಲಿ ನೆಲೆಯಾಯಿತು ಎಂಬುದು ಅವರ ಚಿತ್ರ.

ಎದುರು ಪಂಥದವರು ತ್ರಿನಯನನ ಮೇಲೆಯೇ ಅನುಮಾನ ಪಡುತ್ತಾರೆ. ಮೂರು ಕಣ್ಣಿನ ಈ ಪಲ್ಲವ ಒಬ್ಬರ ಸೊತ್ತಲ್ಲ. ತೆಲುಗು ಚೋಳರ ಐತಿಹ್ಯದಲ್ಲೂ ಪೂರ್ವ ಚಾಲುಕ್ಯರ ಮೂಲಕಥೆಯಲ್ಲೂ ಬರುತ್ತಾನೆ. ಹೆಸರು ಬೇಕಾದವರೆಲ್ಲ ಹಿಡಿದುಕೊಂಡ ಪುರಾಣಪುರುಷ ಅವನು. ನೊಳಂಬರ ಶಾಸನಗಳ ಬಹುಪಾಲು ಕನ್ನಡದವು, ಹೆಣ್ಣು ಕೊಟ್ಟು ತಂದದ್ದು ಗಂಗರೊಡನೆ, ಊಳಿಗ ರಾಷ್ಟ್ರಕೂಟರದು. ಹಾಗಿರುವಾಗ ಪಲ್ಲವ ಎನ್ನುವುದು ರಕ್ತದ ಗುರುತಿಗಿಂತ ಹೆಚ್ಚಾಗಿ ಗದ್ದುಗೆಯ ಗುರುತು ಎನ್ನುತ್ತಾರೆ ಇವರು.

ನನಗೆ ಎರಡನೆಯದೇ ಸರಿ ಕಾಣುತ್ತದೆ, ಒಂದು ಎಚ್ಚರಿಕೆಯೊಂದಿಗೆ. ‘ಕರ್ಣಾಟರು ಹೊಗಳಿದರು’ ಎಂಬ ಮಾತಿನಲ್ಲಿ ಕರ್ಣಾಟರು ಎಂದರೆ ಕನ್ನಡಿಗರೆಲ್ಲ ಎಂದು ನಾವು ಇಂದಿನ ಅರ್ಥ ಹಚ್ಚುತ್ತೇವೆ. ಆ ಕಾಲಕ್ಕೆ ಅದು ಬಾದಾಮಿ ಚಾಲುಕ್ಯರ ಸೈನ್ಯ ಎಂದಷ್ಟೇ ಆಗಿರಬಹುದು. ಹಾಗಿದ್ದರೆ ಮೊದಲ ಪಂಥದ ಆಧಾರವೇ ಸಡಿಲ. ತುಮಕೂರು ಜಿಲ್ಲೆಯ ನೊಣಬ ಲಿಂಗಾಯತರ ಹೆಸರಿನಲ್ಲಿ ನೊಳಂಬವಾಡಿ ಉಳಿದಿದೆ ಎಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅದು ನಾಡಿನ ಹೆಸರು ಉಳಿದುದಕ್ಕೆ ಸಾಕ್ಷಿ. ದೊರೆಗಳ ವಂಶವೇ ಅಲ್ಲಿಗೆ ಇಳಿದು ಬಂತೆಂದು ಅಷ್ಟರಿಂದ ಹೇಳಲಾಗದು.

ಕಪ್ಪು ಕಲ್ಲಿನ ಕೈಬರಹ

ದೊಡ್ಡೇಶ್ವರ ಗುಡಿಯ ನವರಂಗದೊಳಗೆ ಹೊಕ್ಕರೆ ಕಣ್ಣಿಗೆ ಕತ್ತಲು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಕಾಣುವುದು ನಡುವಿನ ಕಂಬಗಳು. ಬುಡ ಚೌಕ, ಮೇಲೆ ಮೇಲೆ ಪಟ್ಟಿಕೆಗಳು, ಒಂದೊಂದು ಪಟ್ಟಿಕೆಯಲ್ಲೂ ಬೆರಳುದ್ದದ ಮೂರ್ತಿಗಳು, ಬಳ್ಳಿ, ಮುತ್ತಿನ ತೋರಣ. ಉಳಿಯೇಟು ಆಳಕ್ಕಿಳಿದಿದೆ, ಹಾಗಾಗಿ ನೆರಳೂ ಕೆತ್ತನೆಯ ಭಾಗವೇ ಆಗಿದೆ. ಗೋಡೆಯಲ್ಲಿ ಜಾಲಂಧ್ರಗಳು. ಬೆಳಕಿಗೆಂದು ಕಲ್ಲನ್ನು ತೂತು ಕೊರೆದು ಬಿಟ್ಟವಲ್ಲ, ಬಳ್ಳಿಯ ಸುರುಳಿಗಳ ನಡುವೆ ಗಂಗೆ ಯಮುನೆಯರನ್ನೂ ನಿಲ್ಲಿಸಿದವು. ಹೊರಗೆ ಕಪ್ಪು ಕಲ್ಲಿನ ನಂದಿ. ಸಾವಿರ ವರ್ಷದ ಬಿಸಿಲಿಗೂ ಹೊಳಪು ಪೂರ್ತಿ ಹೋಗಿಲ್ಲ.

ಇದನ್ನು ನೊಳಂಬ ಶೈಲಿ ಎಂದು ಕರೆಯಬೇಕೇ? ಬ್ಯಾರೆಟ್, ಶಿವರಾಮಮೂರ್ತಿ ಇಬ್ಬರಿಗೂ ಇದರಲ್ಲಿ ಅನುಮಾನವಿರಲಿಲ್ಲ. ಚಾಲುಕ್ಯ, ರಾಷ್ಟ್ರಕೂಟ, ಪಲ್ಲವ, ಗಂಗ ಎಲ್ಲದರ ಅಂಶವೂ ಇದ್ದು, ಯಾವುದೂ ಆಗದೆ ತನ್ನದೇ ನಯ ಪಡೆದ ಕೆಲಸ ಎಂಬುದು ಈ ಪಂಥದ ಸಾರ. ಇದರಿಂದ ತಿಳಿಯುವುದು ಹೇಮಾವತಿಯೊಂದೇ ಅಲ್ಲ. ಮುಂದೆ ಹೊಯ್ಸಳರ ಕಾಲದಲ್ಲಿ ಕಾಣುವ ಕುಸುರಿಯ ಆಸೆ ಎಲ್ಲಿಂದ ಬಂತು ಎಂಬುದಕ್ಕೂ ಒಂದು ದಾರಿ ಸಿಗುತ್ತದೆ.

ಇನ್ನೊಂದು ಪಂಥ ದೊರೆಯ ಹೆಸರಿಗೆ ಶೈಲಿಯನ್ನು ಕಟ್ಟುವುದನ್ನೇ ಒಪ್ಪುವುದಿಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿ ನೋಡಿ ಎನ್ನುತ್ತಾರೆ. ಮಾಳಿಗೆಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ಪಾಲಕರು. ಈ ಕೆಲಸ ಹೇಮಾವತಿಯದರ ಒಡಹುಟ್ಟು. ಆದರೆ ಅದನ್ನು ಗಂಗರದೆನ್ನುವವರೂ ಇದ್ದಾರೆ, ನೊಳಂಬರದೆನ್ನುವವರೂ ಇದ್ದಾರೆ. ನಂದಿಯ ಭೋಗನಂದೀಶ್ವರನದು ಇನ್ನೂ ತೊಡಕು: ಅಲ್ಲಿ ಬಾಣರ ರಾಣಿ ರತ್ನಾವಳಿಯ ಹೆಸರಿದೆ, ನೊಳಂಬಾಧಿರಾಜನ ಹೆಸರಿದೆ, ಮೇಲೆ ರಾಷ್ಟ್ರಕೂಟರ ದೊರೆತನವಿದೆ, ಆಮೇಲೆ ಚೋಳ, ಹೊಯ್ಸಳ, ವಿಜಯನಗರದವರ ಕೈ ಸೇರಿದೆ. ಆವಣಿಯ ಗುಡಿಗಳ ಗುಂಪಿನಲ್ಲಿ ನೊಳಂಬ ರಾಣಿ ದೀವಬ್ಬರಸಿ ಕಟ್ಟಿಸಿದ್ದು ಇದೆ, ಬಾಣರ ನೆಲದಲ್ಲಿ. ಹಣ ಕೊಟ್ಟವರು ಬದಲಾಗುತ್ತಿದ್ದರು, ಕೆತ್ತುವವರ ಮನೆತನಗಳು ಅವೇ ಇದ್ದವು ಎಂಬುದು ಈ ವಾದ. ಎಂ.ಎ. ಢಾಕಿಯವರಂಥವರು ಶೈಲಿಗಳನ್ನು ವಂಶಕ್ಕಿಂತ ಸೀಮೆಗೆ ಕಟ್ಟಿ ‘ನೊಳಂಬವಾಡಿ ಶೈಲಿ’ ಎನ್ನಲು ಇಷ್ಟಪಟ್ಟದ್ದು ಇದೇ ಕಾರಣಕ್ಕೆ.

ಎರಡಕ್ಷರದ ವ್ಯತ್ಯಾಸದಂತೆ ಕಂಡರೂ ಇದು ದೊಡ್ಡ ವ್ಯತ್ಯಾಸ. ವಂಶದ ಶೈಲಿಯಾದರೆ ವಂಶ ಸತ್ತಾಗ ಶೈಲಿಯೂ ಸಾಯಬೇಕು. ಸೀಮೆಯದಾದರೆ ಕಲ್ಲುಕುಟಿಗ ಮುಂದಿನ ದೊರೆಗೆ ಕೆಲಸ ಮಾಡುತ್ತಾನೆ. ಮುಂದಿನ ವಾದವನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು.

ಗಂಗರು ಮುಗಿಸಿದರೆ?

ಗಂಗ ದೊರೆ ಎರಡನೆಯ ಮಾರಸಿಂಹ 963ರಿಂದ 974ರವರೆಗೆ ಆಳಿದ. ಅವನ ಬಿರುದು ನೊಳಂಬಕುಲಾಂತಕ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅವನ ಗೆಲುವುಗಳನ್ನು, ಉಚ್ಚಂಗಿಯ ಕೋಟೆ ಹಿಡಿದದ್ದನ್ನೂ ಸೇರಿಸಿ, ಉದ್ದಕ್ಕೂ ಎಣಿಸುತ್ತದೆ. ಬಿರುದೇ ಇಷ್ಟು ಸ್ಪಷ್ಟವಾಗಿರುವಾಗ ಬೇರೆ ಸಾಕ್ಷಿ ಯಾಕೆ ಎಂದು ಹಳೆಯ ಚರಿತ್ರೆಕಾರರು ಅಲ್ಲಿಗೆ ಅಧ್ಯಾಯ ಮುಗಿಸಿದರು.

ಆದರೆ ಬಿರುದುಗಳನ್ನು ಮರಣಪತ್ರ ಎಂದು ಓದಬಾರದು. ನೊಳಂಬರೂ ಗಂಗರೂ ತಲೆತಲಾಂತರದಿಂದ ನೆಂಟರು. ಸಿಂಹಪೋತ ಗಂಗ ಶಿವಮಾರನ ಪರವಾಗಿ, ಅವನ ಸೋದರ ದುಗ್ಗಮಾರನ ಮೇಲೆ ಯುದ್ಧಕ್ಕೆ ಹೋದವನು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿ: ಗಂಗ ಎರೆಯಪ್ಪನ ಆಳು ನಾಗತ್ತರ ತುಂಬೆಪಾಡಿಯ ಕಾಳಗದಲ್ಲಿ ಅಯ್ಯಪದೇವನ ನೆರವಿಗೆ ಹೋಗಿ, ಆನೆಗಳಿಗೆ ಎದುರು ನುಗ್ಗಿ ಸತ್ತ. ಈ ಅಯ್ಯಪನನ್ನು ನೊಳಂಬ ಅಯ್ಯಪನೆಂದೇ ಗುರುತಿಸುತ್ತಾರೆ. ಇಂಥ ನೆಂಟಸ್ತನದಲ್ಲಿ ಜಗಳ ಹತ್ತಿದಾಗ ‘ಕುಲಾಂತಕ’ ಎಂಬ ಮಾತು ಎಷ್ಟು ದೂರ ನಿಜ?

ಮುಳಬಾಗಿಲು ತಾಲ್ಲೂಕಿನ ಮೇಲಾಗಣಿಯ ಶಾಸನ ಇಲ್ಲಿ ಮುಖ್ಯ. ಮಾರಸಿಂಹ ಬಂಕಾಪುರದಲ್ಲಿ ಜೈನ ಗುರು ಅಜಿತಸೇನರ ಸಮ್ಮುಖ ಸಲ್ಲೇಖನದಿಂದ ತೀರಿಕೊಂಡ ಸುದ್ದಿ, ತಪ್ಪಿಸಿಕೊಂಡು ಉಳಿದಿದ್ದ ನೊಳಂಬ ಕುಮಾರರಿಗೆ ಮುಟ್ಟಿದ್ದನ್ನು ಅದು ದಾಖಲಿಸುತ್ತದೆ. ಅಂದರೆ ಕುಲ ಮುಗಿದಿರಲಿಲ್ಲ. ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಕೈಕೆಳಗೆ ನೊಳಂಬ ಪಲ್ಲವರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ, ಚಾಲುಕ್ಯನಾಗಿಯೂ, ತ್ರೈಲೋಕ್ಯಮಲ್ಲ ನೊಳಂಬ ಪಲ್ಲವ ಪೆರ್ಮಾನಡಿ ಎಂದು ಕರೆಸಿಕೊಂಡ. ಹೊಯ್ಸಳರ ಬಿರುದಿನ ಸಾಲಿನಲ್ಲೂ ತಲಕಾಡು, ಗಂಗವಾಡಿಗಳ ಜೊತೆ ನೊಳಂಬವಾಡಿ ಗೆದ್ದ ಹೆಮ್ಮೆ ಇದೆ. ಮುಗಿದುಹೋದ ನಾಡನ್ನು ಗೆದ್ದೆ ಎಂದು ಯಾರೂ ಕೊಚ್ಚಿಕೊಳ್ಳುವುದಿಲ್ಲ.

ಕರಗುವಿಕೆಯ ಪಂಥ ಎಂದು ಇದನ್ನು ಕರೆಯಬಹುದು: ಮನೆತನ ಸಾಯಲಿಲ್ಲ, ದೊಡ್ಡ ರಾಜ್ಯಗಳ ಒಳಗೆ ಬಿರುದಾಗಿ ಕರಗಿತು.

ತಿರುವೈಯಾರಿನ ಕಂಬಗಳು

ಮೂರನೆಯ ಉತ್ತರ ಚೋಳರು. ರಾಜರಾಜನ ಪ್ರಶಸ್ತಿಯಲ್ಲಿ ಗಂಗಪಾಡಿ, ನುಳಂಬಪಾಡಿ, ತಡಿಗೈಪಾಡಿ ಸಾಲಾಗಿ ಬರುತ್ತವೆ. ಸಾವಿರದ ಇಸವಿಯ ಹೊತ್ತಿಗೆ ನೊಳಂಬವಾಡಿಯ ಬಹುಭಾಗ ಅವನ ಕೈಸೇರಿತ್ತು. ನಾಡಿನ ಹೆಸರೇ ನಿಗರಿಲಿಚೋಳ ಮಂಡಲ ಎಂದಾಯಿತು. ರಾಜರಾಜನ ಮಗ ರಾಜೇಂದ್ರ ಇನ್ನೂ ರಾಜಕುಮಾರನಾಗಿದ್ದಾಗ, 1007ರಲ್ಲಿ, ಚೋಳರ ದಂಡು ಉತ್ತರ ಕರ್ನಾಟಕದವರೆಗೂ ನುಗ್ಗಿತು. ಹೊಟ್ಟೂರಿನ ಶಾಸನ ಆ ಸೈನ್ಯವನ್ನು ಒಂಬತ್ತು ಲಕ್ಷ ಎನ್ನುತ್ತದೆ. ಹೊಡೆಸಿಕೊಂಡವರ ಲೆಕ್ಕ ಎಂಬುದನ್ನು ನೆನಪಿಟ್ಟು ಓದಬೇಕಾದ ಸಂಖ್ಯೆ ಅದು.

ತಂಜಾವೂರಿನ ಹತ್ತಿರ ತಿರುವೈಯಾರಿನ ಐಯಾರಪ್ಪರ್ ಗುಡಿಯ ಆವರಣದಲ್ಲಿ ದಕ್ಷಿಣ ಕೈಲಾಸ ಎಂಬ ಗುಡಿಯಿದೆ. ರಾಜೇಂದ್ರನ ರಾಣಿ ಪಂಚವನ್ ಮಾದೇವಿ ಕಟ್ಟಿಸಿದ್ದು. ಅದರ ಪೌಳಿಯಲ್ಲಿ ನಿಂತಿರುವ ನಲವತ್ತಕ್ಕೂ ಹೆಚ್ಚು ಕಂಬಗಳು ಸುತ್ತಲಿನ ಚೋಳರ ಕೆಲಸಕ್ಕೆ ಹೊಂದುವುದಿಲ್ಲ. ಪಟ್ಟಿಕೆ, ಬಳ್ಳಿ, ಸಣ್ಣ ಮೂರ್ತಿಗಳ ಹೆಣಿಗೆ, ಎಲ್ಲವೂ ಹೇಮಾವತಿಯ ಕಂಬಗಳ ಕೈ. ರಾಜೇಂದ್ರ ನೊಳಂಬರ ಕಲೆಗೆ ಮನಸೋತು ಅವನ್ನು ಹೊತ್ತು ತಂದ ಎಂದು ಶಿವರಾಮಮೂರ್ತಿ ಬರೆದರು. ಅಂದಿನಿಂದ ಇದು ಒಪ್ಪಿತ ಕತೆ. ನಮ್ಮ ಕಡೆ ಇದನ್ನು ಹೇಳುವಾಗ ‘ಮನಸೋತು’ ಎಂಬುದು ಉದುರಿ ‘ಲೂಟಿ’ ಎಂಬುದಷ್ಟೇ ಉಳಿಯುತ್ತದೆ. ತಮಿಳುನಾಡಿನಲ್ಲಿ ಹೇಳುವಾಗ ಅದು ತಿರುಗುಮುರುಗು.

ಚೋಳರು ಹೀಗೆ ತರುತ್ತಿದ್ದರು ಎಂಬುದಕ್ಕೆ ಆಧಾರವಿದೆ. ರಾಜೇಂದ್ರನ ಮಗ ರಾಜಾಧಿರಾಜ ಕಲ್ಯಾಣವನ್ನು ಸುಟ್ಟು ತಂದ ದ್ವಾರಪಾಲಕನ ಪೀಠದ ಮೇಲೆ ಅದನ್ನೇ ತಮಿಳಿನಲ್ಲಿ ಕೆತ್ತಿಸಿದ್ದಾನೆ. ದಾರಾಸುರದಲ್ಲಿದ್ದ ಆ ಮೂರ್ತಿ ಈಗ ತಂಜಾವೂರಿನ ಕಲಾ ಗ್ಯಾಲರಿಯಲ್ಲಿದೆ. ಗೆದ್ದ ನಾಡಿನ ದೇವರನ್ನು, ಬಾಗಿಲನ್ನು, ಕಂಬವನ್ನು ತಂದು ತಮ್ಮ ಗುಡಿಯಲ್ಲಿ ನಿಲ್ಲಿಸುವುದು ಅಂದಿನ ಅರಸರ ನಡೆವಳಿಕೆಯೇ ಆಗಿತ್ತು, ಅದನ್ನು ಬರೀ ಕಳ್ಳತನ ಎಂದು ನೋಡಿದರೆ ಅವರ ರಾಜಕೀಯ ಅರ್ಥವಾಗದು ಎಂದು ರಿಚರ್ಡ್ ಡೇವಿಸ್ 1997ರ ಪುಸ್ತಕದಲ್ಲಿ ವಾದಿಸಿದರು.

ತೊಡಕಿರುವುದು ಇಲ್ಲಿ. ಕಲ್ಯಾಣದ ದ್ವಾರಪಾಲಕನ ಹೇಳಿಕೆ ಅವನ ಪೀಠದಲ್ಲೇ ಇದೆ. ತಿರುವೈಯಾರಿನ ಕಂಬಗಳ ವಾದ ನಿಂತಿರುವುದು ಕೆತ್ತನೆಯ ಹೋಲಿಕೆಯ ಮೇಲೆ. ಹೋಲಿಕೆಯೊಂದರಿಂದಲೇ ಯುದ್ಧದ ಸಾಗಾಟವನ್ನು ಸಾಬೀತು ಮಾಡಲಾಗುವುದಿಲ್ಲ. ಸೀಮೆಯ ಶೈಲಿ ಎಂಬ ವಾದವನ್ನು ಒಪ್ಪಿದರೆ, ನಾಡು ಕೈಬದಲಾದಾಗ ಕಲ್ಲುಕುಟಿಗರೇ ಹೊಸ ಒಡೆಯನ ಕಡೆ ನಡೆದು ಹೋಗಿ ಅಲ್ಲಿಯೇ ಕೆತ್ತಿರಲೂಬಹುದು. ಇನ್ನೊಂದು: ಹೊತ್ತು ತಂದದ್ದೇ ಆದರೂ ಹೇಮಾವತಿಯಿಂದಲೇ ಏಕೆ? ಮಹೇಂದ್ರನ ಆಳ್ವಿಕೆ ತಗಡೂರು, ಅಂದರೆ ಧರ್ಮಪುರಿಯವರೆಗೂ ಚಾಚಿತ್ತು. ಅಲ್ಲಿಯ ಕೋಟೆ ಗುಡಿಗಳಲ್ಲಿ ನೊಳಂಬರ ಕೆಲಸ ಇಂದಿಗೂ ಇದೆ. ತಂಜಾವೂರಿಗೆ ಹೇಮಾವತಿಗಿಂತ ಅದು ಎಷ್ಟೋ ಹತ್ತಿರ.

ಒಂದು ಅನುಕೂಲವೂ ಇದೆ. ಕಾವೇರಿಯ ಮುಖಜ ಭೂಮಿಯಲ್ಲಿ ಬಂಡೆಯಿಲ್ಲ, ಬರೀ ಮೆಕ್ಕಲು ಮಣ್ಣು. ತಂಜಾವೂರಿನ ದೊಡ್ಡ ಗುಡಿಗೂ ಕಲ್ಲು ಹೊರಗಿನಿಂದ ಬಂದದ್ದೇ. ಹಾಗಾಗಿ ತಿರುವೈಯಾರಿನ ಕಂಬದ ಒಂದು ಚೂರು, ಹೇಮಾವತಿ ಸುತ್ತಲಿನ ಕಲ್ಲಿನ ಒಂದು ಚೂರು, ಧರ್ಮಪುರಿಯದೊಂದು ಚೂರು, ಮೂರನ್ನೂ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಕಲ್ಲು ಎಲ್ಲಿಯದೆಂದು ತಿಳಿದೀತು. ಕೆತ್ತಿದ್ದು ಎಲ್ಲಿ ಎಂದು ಆಗಲೂ ತಿಳಿಯದು. ಆದರೂ ವಾದದ ಅರ್ಧ ಭಾರ ಇಳಿಯುತ್ತದೆ.

ಇದೇ ರಾಜೇಂದ್ರನಿಗೆ ಖ್ಮೇರ್ ನಾಡಿನ ಸಂಬಂಧವೂ ಇತ್ತು. ಅವನ ಎಂಟನೇ ಆಳ್ವಿಕೆಯ ವರ್ಷದ ಕರಂದೈ ತಾಮ್ರಪಟಗಳು ಕಾಂಬೋಜದ ಅರಸ ಸ್ನೇಹ ಬೇಡಿ ರಥವೊಂದನ್ನು ಕಳಿಸಿದನೆನ್ನುತ್ತವೆ. ಆ ಅರಸ ಮೊದಲನೆಯ ಸೂರ್ಯವರ್ಮ ಎಂದು ವಿದ್ವಾಂಸರು ಗುರುತಿಸುತ್ತಾರೆ. ದೂರದ ಖ್ಮೇರರು ಸ್ನೇಹಕ್ಕೆ ರಥ ಕಳಿಸಿದರು, ಹತ್ತಿರದ ನೊಳಂಬರ ಕಂಬಗಳೇ ಹೋದವು, ಹೇಗೆ ಹೋದವೋ.

ಅಂಕೋರಿನಲ್ಲಿ ಬದಲಾದದ್ದು

ಖ್ಮೇರ್ ಚರಿತ್ರೆಯನ್ನು ಇಲ್ಲಿ ಎಳೆದು ತರಲು ಕಾರಣವಿದೆ. ‘ಮುಗಿಸಿದವರು ಯಾರು’ ಎಂಬ ಇದೇ ಪ್ರಶ್ನೆ ಅಲ್ಲಿಯೂ ಇತ್ತು, ಮೊದಲ ಉತ್ತರವೂ ಇಂಥದ್ದೇ: 1431ರಲ್ಲಿ ಸಿಯಾಮಿನ ಅಯುತ್ಥಯದವರು ಬಂದು ಅಂಕೋರನ್ನು ಹಾಳುಗೆಡವಿದರು. ಶತ್ರುವಿನ ಹೆಸರು, ಇಸವಿ, ಮುಗಿಯಿತು. 1860ರಲ್ಲಿ ಅಂಕೋರಿಗೆ ಹೋದ ಆಂರಿ ಮೂಓ ಅದನ್ನು ಕಾಡು ನುಂಗಿದ ಊರು ಎಂದು ಯುರೋಪಿಗೆ ಬಣ್ಣಿಸಿದ್ದ. ಅಂಕೋರ್ ವಾಟ್‌ನಲ್ಲಿ ಆಗಲೂ ಭಿಕ್ಷುಗಳಿದ್ದರು ಎಂಬುದು ಆ ಬಣ್ಣನೆಯಲ್ಲಿ ಮಂಕಾಯಿತು. ಜಾರ್ಜ್ ಸೆದೆಸ್ ಶಾಸನಗಳನ್ನು ಓದಿ ದೊರೆಗಳ ಸಾಲನ್ನು ಕಟ್ಟಿದರು, ನಮ್ಮಲ್ಲಿ ರೈಸ್ ಮಾಡಿದಂತೆಯೇ.

ತಿರುವು ಬಂದದ್ದು ನೀರಿನಿಂದ. ಪಶ್ಚಿಮ ಬಾರಾಯ್ ಎಂಬ ಕೆರೆ ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. ಇಂಥ ಕೆರೆಗಳು ವರ್ಷಕ್ಕೆ ಹಲವು ಬೆಳೆಗೆ ನೀರುಣಿಸಿದವು, ಹೂಳು ತುಂಬಿದಾಗ ಊರು ಕುಸಿಯಿತು ಎಂದು 1979ರಲ್ಲಿ ಬೆರ್ನಾರ್ ಗ್ರೊಲಿಯೆ ವಾದ ಹೂಡಿದರು. ಮರುವರ್ಷವೇ ವಾನ್ ಲೀರ್ ಎಂಬ ನೀರಾವರಿ ತಜ್ಞ ಅಡ್ಡ ಬಂದರು: ನೀರು ಹೊರಬಿಡುವ ತೂಬೇ ಇಲ್ಲ, ಇವು ದೇವರ ಕೆರೆಗಳು. ಈ ಜಗಳವನ್ನು ಶಾಸನ ಬಗೆಹರಿಸಲಿಲ್ಲ, ನೆಲ ಬಗೆಹರಿಸಿತು. 2007ರಲ್ಲಿ ಬಂದ ನಕ್ಷೆ ಸುಮಾರು 1,000 ಚದರ ಕಿ.ಮೀ. ಹರಡಿದ ಊರನ್ನು, ಅದರ ಕಾಲುವೆಗಳನ್ನು ತೋರಿಸಿತು. ನೀರಿನ ಒಳಹರಿವು, ಹೊರಹರಿವು ಎರಡೂ ಸಿಕ್ಕವು. 2012ರಲ್ಲಿ ಹೆಲಿಕಾಪ್ಟರ್‌ನಿಂದ ಲೇಸರ್ ಹಾಯಿಸಿ ಕಾಡಿನಡಿಯ ಬೀದಿಗಳನ್ನು ಬಿಡಿಸಿದರು. ಮರದ ಬಳೆಗಳನ್ನು ಎಣಿಸಿದ ಬಕ್ಲಿ ಮತ್ತು ಸಂಗಡಿಗರು 2010ರಲ್ಲಿ, ಹದಿನಾಲ್ಕು, ಹದಿನೈದನೇ ಶತಮಾನಗಳ ದೀರ್ಘ ಬರಗಳನ್ನೂ ಅವುಗಳ ನಡುವಿನ ಜಡಿಮಳೆಯನ್ನೂ ಗುರುತಿಸಿದರು. ಕಂದಕದ ಹೂಳನ್ನು ಪರೀಕ್ಷಿಸಿದ ಡ್ಯಾನ್ ಪೆನ್ನಿ ತಂಡ 2019ರಲ್ಲಿ, ಊರಿನ ನಡುಭಾಗದಲ್ಲಿ ಬೇಸಾಯ ಮತ್ತು ವಾಸ ಸಿಯಾಮಿನವರು ಬರುವುದಕ್ಕೆ ಬಹಳ ಮೊದಲೇ ನಿಧಾನವಾಗಿ ಕುಗ್ಗಿತ್ತು ಎಂದಿತು. 1431 ಅಳಿಸಿಹೋಗಲಿಲ್ಲ, ಆದರೆ ಅದರ ತೂಕ ಇಳಿಯಿತು.

ನಮ್ಮಲ್ಲಿ ಪ್ರಶ್ನೆ ಇನ್ನೂ ಸೆದೆಸ್ ಕಾಲದಲ್ಲೇ ನಿಂತಿದೆ ಎಂಬುದು ನನ್ನ ದೂರು. ಮಾರಸಿಂಹನೋ ರಾಜೇಂದ್ರನೋ ಎಂದು ಕೇಳುತ್ತೇವೆ, ಊರಿಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳುವುದಿಲ್ಲ. ಹೇಮಾವತಿ, ಶಿರಾ, ಪಾವಗಡಗಳ ಸೀಮೆ ಮಳೆನೆರಳಿನದು. ಕೆರೆಯಿಲ್ಲದೆ ಇಲ್ಲಿ ರಾಜಧಾನಿ ಇರಲಿ, ಒಂದು ಹಳ್ಳಿಯೂ ನಿಲ್ಲದು. ಕೆರೆ ಕಟ್ಟಿಸಿದವನಿಗೆ, ಏರಿ ಕಾದವನಿಗೆ ಭೂಮಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗೆಯ ದಾನಗಳು ಕನ್ನಡ ಶಾಸನಗಳಲ್ಲಿ ಧಾರಾಳ. ಅವನ್ನು ದೊರೆಗಳ ಕಾಲ ನಿಗದಿ ಮಾಡಲು ಬಳಸಿದಷ್ಟು ಕೆರೆಗಳ ನಕ್ಷೆ ಮಾಡಲು ಬಳಸಿಲ್ಲ. ಈ ಕೆಲಸಕ್ಕೆ ಕಾಲವೂ ಕಾಯುವುದಿಲ್ಲ: ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದ ಮೇಲೆ ಆ ನೆಲದ ಹಳ್ಳಕೊಳ್ಳಗಳ ಚಹರೆ ನಮ್ಮ ಕಣ್ಣೆದುರೇ ಬದಲಾಗಿದೆ.

ನಿಡುಗಲ್ಲಿನ ಸಾಕ್ಷಿ

ಊರು ನೊಳಂಬರ ಜೊತೆ ಸಾಯಲಿಲ್ಲ ಎಂದು ಹೇಳಲು ಗಟ್ಟಿ ಆಧಾರ ಪಾವಗಡ ತಾಲ್ಲೂಕಿನ ನಿಡುಗಲ್ಲು. ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಇಲ್ಲಿ ಆಳಿದವರು ಕರಿಕಾಲನ ವಂಶದವರೆಂದು ಹೇಳಿಕೊಂಡ ಚೋಳರು. ತಂಜಾವೂರಿನವರಲ್ಲ, ಈ ಕಡೆಯ ಪಾಳೆಯದವರು. ಮಲ್ಲಿದೇವ, ಇರುಂಗೋಳ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಇವರು ಮೊದಲು ಹೆಂಜೇರಿನಿಂದಲೇ ಆಳಿದರು, ಆಮೇಲೆ ನಿಡುಗಲ್ಲಿನ ದುರ್ಗಕ್ಕೆ ಏರಿದರು. ವಿಷ್ಣುವರ್ಧನ ಇರುಂಗೋಳನೊಡನೆ ಕಾದಿದ. ಮೂರನೆಯ ನರಸಿಂಹ 1285ರಲ್ಲಿ ನಿಡುಗಲ್ಲಿನ ಮೇಲೆ ದಂಡೆತ್ತಿ ಬಂದ.

ಮಾರಸಿಂಹ ಮುಗಿಸಿದ, ರಾಜೇಂದ್ರ ಬರಿದು ಮಾಡಿದ ಎನ್ನುವ ಊರು ನೂರೈವತ್ತು ವರ್ಷ ಕಳೆದ ಮೇಲೂ ರಾಜಧಾನಿಯಾಗಿತ್ತು. ಹಾಗಾದರೆ ನಿಜವಾದ ತಿರುವು ಬಯಲಿನ ಹೆಂಜೇರನ್ನು ಬಿಟ್ಟು ಬೆಟ್ಟದ ನಿಡುಗಲ್ಲಿಗೆ ಹೋದದ್ದರಲ್ಲಿ ಇದೆಯೇ? ಹೊಯ್ಸಳ, ಸೇವುಣರ ನಡುವೆ ಸಿಕ್ಕ ಸಣ್ಣ ದೊರೆಗಳಿಗೆ ಬಯಲು ಅಪಾಯ, ಬೆಟ್ಟ ಆಸರೆ. ಮುಂದೆ ಪಾಳೆಯಗಾರರ ಕಾಲಕ್ಕೆ ಮಧುಗಿರಿ, ಮಿಡಿಗೇಶಿ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ ಎಲ್ಲವೂ ಬೆಟ್ಟ ಹತ್ತಿದ ಊರುಗಳೇ. ಇಂದು ರಜೆಯ ದಿನ ಬೆಂಗಳೂರಿನಿಂದ ಜನ ಬಂದು ಹತ್ತುವುದೂ ಈ ಕೋಟೆಗಳನ್ನೇ, ಹೇಮಾವತಿಯ ಹಾದಿ ಹಿಡಿಯುವವರು ವಿರಳ. ನೊಳಂಬರ ಬಯಲು ನಗರದಿಂದ ಪಾಳೆಯಗಾರರ ಬೆಟ್ಟದ ಕೋಟೆಗೆ ಈ ಸೀಮೆ ಜಾರಿದ್ದನ್ನು ಒಂದೇ ಕಥೆಯಾಗಿ ಬರೆದವರು ಕಡಿಮೆ. ನನ್ನ ಎಣಿಕೆಯಲ್ಲಿ ಮುಂದಿನ ಸಂಶೋಧನೆ ಹೋಗಬೇಕಾದ ದಾರಿ ಅದು.

ಇತ್ಯರ್ಥವಾಗದೆ ಉಳಿದವು

ಮಂಗಳ ನೊಳಂಬಾಧಿರಾಜನ ಹಿಂದಿನ ಪೀಳಿಗೆ ಯಾವುದು ಎಂಬುದಕ್ಕೆ ತ್ರಿನಯನನ ಹೆಸರು ಬಿಟ್ಟು ಬೇರೆ ಆಧಾರ ಬೇಕು. ಅರಳಗುಪ್ಪೆ, ನಂದಿ, ಆವಣಿ, ಹೇಮಾವತಿಗಳಲ್ಲಿ ಕೆಲಸ ಮಾಡಿದವು ಒಂದೇ ಮನೆತನದ ಕೈಗಳೇ ಎಂಬುದನ್ನು ಉಳಿಯ ಗುರುತು, ಕಲ್ಲಿನ ಜಾತಿ ಹಿಡಿದು ಯಾರಾದರೂ ಕೂತು ಹೋಲಿಸಬೇಕು. ತಿರುವೈಯಾರಿನ ಕಂಬಗಳು ಬಂದದ್ದು ಹೇಮಾವತಿಯಿಂದಲೋ, ಧರ್ಮಪುರಿಯಿಂದಲೋ, ಅಲ್ಲಿಯೇ ಕೆತ್ತಿದ್ದೋ ಎಂಬುದು ತೆರೆದೇ ಇದೆ. ಹೊತ್ತು ತಂದದ್ದಾದರೆ ಅವು ಯಾವ ಗುಡಿಯವು, ಆ ಗುಡಿಯ ಅಧಿಷ್ಠಾನ ಎಲ್ಲಿದೆ ಎಂಬುದು ಇನ್ನೂ ಕಠಿಣ ಪ್ರಶ್ನೆ. ನಲವತ್ತು ಕಂಬ ಕಳೆದುಕೊಂಡ ಮಂಟಪ ನೆಲದಲ್ಲಿ ಗುರುತು ಬಿಡದೆ ಹೋಗಿರಲಾರದು.

ಹೆಂಜೇರಿನ ಸುತ್ತಿನ ಎಲ್ಲೆ, ಅದರ ಕೆರೆ ಕಾಲುವೆಗಳ ಜಾಲ, ನಿಡುಗಲ್ಲಿಗೆ ಹೋದ ಹಳೆಯ ದಾರಿ, ಇವುಗಳಿಗೆ ಗುಡಿಯಾಚೆ ಹೊಲಗಳಲ್ಲಿ ಅಗೆದು ನೋಡದೆ ಉತ್ತರವಿಲ್ಲ. ಆ ಕೆಲಸವನ್ನು ಯಾವ ರಾಜ್ಯದ ಇಲಾಖೆ ಕೈಗೆತ್ತಿಕೊಳ್ಳಬೇಕು, ಚೆನ್ನೈನಲ್ಲಿರುವ ಶಿಲ್ಪಗಳ ಮತ್ತು ಶಿರಾ, ಪಾವಗಡದ ಶಾಸನಗಳ ಜೊತೆ ಅದನ್ನು ಕೂಡಿಸಿ ಓದುವವರು ಯಾರು ಎಂಬುದೂ ತೀರ್ಮಾನವಾಗಿಲ್ಲ.